ಉಗ್ಗಿಗೆ ಬೇಕಾದ್ದು ಆಪರೇಶನ್ ಅಲ್ಲ, ನಮ್ಮ ಮಾತಿನಲ್ಲೇ ಅಭ್ಯಾಸ

ಅಡಿಕೆಗೆ ಕೊಳೆರೋಗ ಬಾರದಂತೆ ಮದ್ದು ಯಾವಾಗ ಬಿಡಬೇಕು, ಮೈಲುತುತ್ತು ಎಷ್ಟು, ಸುಣ್ಣ ಎಷ್ಟು ಎಂದು ನೆಕ್ರಾಜೆಯ ಯಾವ ಕೃಷಿಕನನ್ನು ಕೇಳಿದರೂ ನಿದ್ದೆಯಲ್ಲಿ ಎಬ್ಬಿಸಿದ ಹಾಗೆ ಹೇಳಿಯಾನು. ಆದರೆ ನಾಲ್ಕು ವರ್ಷದ ಮಗು ‘ಅ... ಅ... ಅಪ್ಪ’ ಎಂದು ತಡವರಿಸತೊಡಗಿದರೆ ಏನು ಮಾಡಬೇಕು, ಯಾರ ಹತ್ತಿರ ಹೋಗಬೇಕು ಎಂದು ಕೇಳಿ ನೋಡಿ. ಒಬ್ಬರು ಬಜೆ ತೇದು ನಾಲಗೆಗೆ ಉಜ್ಜಿ ಅನ್ನುತ್ತಾರೆ. ಇನ್ನೊಬ್ಬರು ನಾಲಗೆಯ ಅಡಿಯ ನರ ಬಿಡಿಸಿದರೆ ಸರಿಯಾಗುತ್ತದೆ ಅನ್ನುತ್ತಾರೆ. ಮೂರನೆಯವರು ‘ದೊಡ್ಡವನಾಗುವಾಗ ತನ್ನಿಂದ ತಾನೇ ಹೋಗ್ತದೆ, ಸುಮ್ಮನಿರಿ ಮಾರಾಯ್ರೆ’ ಎಂದು ಎದ್ದು ಹೋಗುತ್ತಾರೆ. ಈಚೆಗೆ ನಾಲ್ಕನೆಯ ಸಲಹೆಯೊಂದೂ ಸೇರಿಕೊಂಡಿದೆ: ‘ತಲೆಯೊಳಗೆ ಚಿಪ್ ಕೂರಿಸುವ ಆಪರೇಶನ್ ಬಂದಿದೆಯಂತಲ್ಲ, ಅದನ್ನೇ ಮಾಡಿಸಿದರೆ ಹೇಗೆ?’

ಈ ನಾಲ್ಕನೆಯದರ ಬಗ್ಗೆ ಮೊದಲೇ ಹೇಳಿ ಬಿಡುವುದು ಒಳ್ಳೆಯದು. ಉಗ್ಗಿನ ಚಿಕಿತ್ಸೆಯೆಂದು ಒಪ್ಪಿಗೆ ಪಡೆದ ಚಿಪ್ ಇಂದು ಎಲ್ಲಿಯೂ ಇಲ್ಲ. 2024ರ ಜನವರಿಯಲ್ಲಿ ಅಮೆರಿಕದ ನ್ಯೂರಾಲಿಂಕ್ ಕಂಪೆನಿ ಮೊದಲ ಬಾರಿಗೆ ಮನುಷ್ಯನ ಮೆದುಳಿಗೆ ತನ್ನ ಸಾಧನ ಕೂರಿಸಿದ್ದು ನಿಜ. ಅದು ಕೈಕಾಲು ಸ್ವಾಧೀನವಿಲ್ಲದವರು ಬರೀ ಆಲೋಚನೆಯಿಂದ ಕಂಪ್ಯೂಟರ್ ನಡೆಸಲಿಕ್ಕೆ. 2023ರ ಆಗಸ್ಟಿನಲ್ಲಿ ಅಮೆರಿಕದ ಎರಡು ತಂಡಗಳು ಕಾಯಿಲೆಯಿಂದ ಮಾತೇ ನಿಂತು ಹೋದ ಇಬ್ಬರ ಮೆದುಳಿನ ಸಂಕೇತಗಳನ್ನು ಓದಿ ಮಾತಾಗಿ ಪರಿವರ್ತಿಸಿದ್ದನ್ನು ಪ್ರಕಟಿಸಿದವು. ಒಬ್ಬರಿಗೆ ನಿಮಿಷಕ್ಕೆ 62 ಶಬ್ದ, ಇನ್ನೊಬ್ಬರಿಗೆ 78 ಶಬ್ದ ಸಾಧ್ಯವಾಯಿತು. ದೊಡ್ಡ ಸಾಧನೆಯೇ ಸರಿ. ಆದರೆ ಅದು ಮಾತು ಪೂರ್ತಿ ಕಳಕೊಂಡವರಿಗೆ. ಉಗ್ಗುವವನು ಮಾತು ಕಳಕೊಂಡವನಲ್ಲ. ಅವನಲ್ಲಿ ಮಾತು ಬೇಕಾದಷ್ಟು ಉಂಟು, ಹೊರಡುವ ಹೊತ್ತಿಗೆ ಬಾಗಿಲಲ್ಲಿ ಸಿಕ್ಕಿ ಬೀಳುತ್ತದೆ ಅಷ್ಟೆ. ಪಾರ್ಕಿನ್ಸನ್ ಕಾಯಿಲೆಯ ನಡುಕಕ್ಕೆ ಮೆದುಳಿನ ಆಳದಲ್ಲಿ ತಂತಿ ಕೂರಿಸುವ ಚಿಕಿತ್ಸೆ ನಮ್ಮ ದೇಶದಲ್ಲೂ ಉಂಟು. ಅದನ್ನು ಮಾಡಿಸಿಕೊಂಡ ಕೆಲವರಲ್ಲಿ ನಡುಕ ಇಳಿದರೂ ಮಾತು ಮೊದಲಿಗಿಂತ ಅಸ್ಪಷ್ಟವಾದದ್ದುಂಟು. ಹಾಗಿರುವಾಗ ನಾಲ್ಕು ವರ್ಷದ ಮಗುವಿನ ತಲೆ ಕೊರೆಯುವ ಮಾತು ಯಾಕೆ?

ಉಗ್ಗಿಗೆ ಕತ್ತಿ ಹಿಡಿಯುವ ಆತುರ ಇಂದಿನದ್ದಲ್ಲ. 1841ರಲ್ಲಿ ಬರ್ಲಿನಿನ ಹೆಸರುವಾಸಿ ಶಸ್ತ್ರವೈದ್ಯ ಡೀಫೆನ್‌ಬಾಕ್ ಉಗ್ಗುವವರ ನಾಲಗೆಯ ಬುಡದಿಂದ ಒಂದು ತುಂಡನ್ನೇ ಕತ್ತರಿಸಿ ತೆಗೆಯುತ್ತಿದ್ದ. ಅರಿವಳಿಕೆ ಇನ್ನೂ ಬಾರದ ಕಾಲ. ರೋಗಿಗಳು ನರಳಿದರು, ಉಗ್ಗು ಮಾತ್ರ ಇದ್ದಲ್ಲೇ ಇತ್ತು. ತಪ್ಪು ನಾಲಗೆಯದ್ದಲ್ಲ ಎಂದು ವೈದ್ಯಲೋಕ ಅಂದೇ ಕಲಿಯಿತು. ನಮ್ಮೂರಿನಲ್ಲಿ ಮಾತ್ರ ನಾಲಗೆಯ ನರ ಬಿಡಿಸುವ ಸಲಹೆ ಇಂದಿಗೂ ಚಾಲ್ತಿಯಲ್ಲಿದೆ!

ಉಗ್ಗು ಎಂದರೆ ಏನು?

ಎಳೆ ಮಗುವಿನ ತೊದಲು ಬೇರೆ, ಉಗ್ಗು ಬೇರೆ. ತೊದಲು ಎಲ್ಲ ಮಕ್ಕಳದ್ದು, ಕೇಳಲಿಕ್ಕೂ ಚೆಂದ. ಮಲಯಾಳದವರು ‘ವಿಕ್ಕ್’ ಎನ್ನುವ ಈ ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದ ಒಳಗೆ, ಮಗು ವಾಕ್ಯ ಜೋಡಿಸಿ ಮಾತಾಡತೊಡಗಿದ ಮೇಲೆ ಶುರುವಾಗುತ್ತದೆ. ನೂರು ಮಕ್ಕಳಲ್ಲಿ ಐದರಷ್ಟು ಮಕ್ಕಳು ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ ಎಂದು ಲೆಕ್ಕ. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲಿಗೆ ಕೆಲವು ವರ್ಷಗಳಲ್ಲಿ ಬಿಟ್ಟು ಹೋಗುತ್ತದೆ. ಉಳಿದವರಿಗೆ ಉಳಿಯುತ್ತದೆ. ದೊಡ್ಡವರಲ್ಲಿ ನೂರಕ್ಕೆ ಒಬ್ಬರಂತೆ, ಅವರಲ್ಲೂ ಹೆಂಗಸರಿಗಿಂತ ಗಂಡಸರೇ ನಾಲ್ಕು ಪಾಲು ಹೆಚ್ಚು.

ಕಾರಣ ಹೆದರಿಕೆಯಲ್ಲ, ದೃಷ್ಟಿ ತಾಗಿದ್ದೂ ಅಲ್ಲ, ತಾಯಿ ಮುದ್ದು ಮಾಡಿದ್ದೂ ಅಲ್ಲ. ಕುಟುಂಬದಲ್ಲಿ ಅದು ಹರಿದು ಬರುವುದುಂಟು. 2010ರಲ್ಲಿ ಪಾಕಿಸ್ತಾನದ ಕುಟುಂಬಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಉಗ್ಗಿಗೆ ಸಂಬಂಧಪಟ್ಟ ಜೀನ್‌ಗಳನ್ನು ಗುರುತಿಸಿದರು. ಮಾತಿನ ಹೊತ್ತು ಗೊತ್ತು ನೋಡಿಕೊಳ್ಳುವ ಮೆದುಳಿನ ಭಾಗಗಳು ಉಗ್ಗುವವರಲ್ಲಿ ಸ್ವಲ್ಪ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತವೆ ಎಂದು ಮೆದುಳಿನ ಚಿತ್ರಗಳು ತೋರಿಸಿವೆ. ಹೆದರಿಕೆ, ನಾಚಿಕೆ ಎಲ್ಲ ಉಗ್ಗಿನ ಹಿಂದಿನಿಂದ ಬಂದು ಸೇರಿಕೊಳ್ಳುವಂಥವು.

ಇನ್ನೊಂದು ವಿಚಿತ್ರ ಗಮನಿಸಿ. ಹೆಚ್ಚಿನ ಉಗ್ಗುವವರು ಪದ್ಯ ಹಾಡುವಾಗ ಉಗ್ಗುವುದಿಲ್ಲ. ತರಗತಿಯಲ್ಲಿ ಎಲ್ಲರೂ ಒಟ್ಟಾಗಿ ಮಗ್ಗಿ ಹೇಳುವಾಗ ಉಗ್ಗುವುದಿಲ್ಲ. ತೋಟದಲ್ಲಿ ಒಬ್ಬನೇ ಇರುವಾಗ, ಹಟ್ಟಿಯ ದನದೊಟ್ಟಿಗೆ ಮಾತಾಡುವಾಗ ಉಗ್ಗುವುದಿಲ್ಲ. ಅದೇ ಹಾಜರಿ ಕೂಗುವಾಗ, ಫೋನು ಎತ್ತಿದಾಗ, ಹೊಸಬರ ಮುಂದೆ ತನ್ನ ಹೆಸರು ಹೇಳಬೇಕಾದಾಗ ಗಂಟಲು ಕಟ್ಟುತ್ತದೆ. ನಾಲಗೆಯಲ್ಲೋ ಗಂಟಲಲ್ಲೋ ಕೊರತೆ ಇದ್ದಿದ್ದರೆ ಹಾಡು ಬರುತ್ತಿತ್ತೇ? ಆದ್ದರಿಂದಲೇ ಇಲ್ಲಿ ಕೆಲಸ ಮಾಡುವುದು ಕತ್ತಿಯಲ್ಲ, ಅಭ್ಯಾಸ.

ನಿಜವಾದ ಸಾಧನದ ಪಾಠ

ಹಾಗಾದರೆ ನರಕ್ಕೆ ಸಾಧನ ಕೂರಿಸುವುದೆಲ್ಲ ಬರೀ ಮಾತೇ ಎಂದು ಕೇಳಿದರೆ, ಅಲ್ಲ. ನಮ್ಮ ಜಿಲ್ಲೆಯ ಮಕ್ಕಳಿಗೆ ಸಿಗುತ್ತಿರುವ ಅಂಥ ಸಾಧನ ಒಂದು ಉಂಟು: ಕಾಕ್ಲಿಯರ್ ಇಂಪ್ಲಾಂಟ್. ಹುಟ್ಟು ಕಿವುಡು ಮಗುವಿನ ಒಳಕಿವಿಗೆ ಎಳೆ ತಂತಿ ಕೂರಿಸಿ, ಹೊರಗಿನ ಯಂತ್ರ ಹಿಡಿದ ಶಬ್ದವನ್ನು ವಿದ್ಯುತ್ ಸಂಕೇತ ಮಾಡಿ ನೇರ ಕೇಳುವ ನರಕ್ಕೆ ಮುಟ್ಟಿಸುವ ವ್ಯವಸ್ಥೆ ಅದು. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ 1978ರಲ್ಲಿ ಮೆಲ್ಬರ್ನ್‌ನಲ್ಲಿ ಇದನ್ನು ಹಲವು ತಂತಿಗಳ ರೂಪದಲ್ಲಿ ಕೂರಿಸಿದರು. ಅವರ ತಂದೆಗೇ ಕಿವಿ ಕೇಳುತ್ತಿರಲಿಲ್ಲ. ಕೇರಳ ಸರಕಾರ 2012ರಲ್ಲಿ ‘ಶ್ರುತಿತರಂಗಂ’ ಯೋಜನೆ ತಂದು ಐದು ವರ್ಷದೊಳಗಿನ ಮಕ್ಕಳಿಗೆ ಇದನ್ನು ಸರಕಾರಿ ಖರ್ಚಿನಲ್ಲಿ ಮಾಡಿಸತೊಡಗಿತು. 2014ರಿಂದ ಕೇಂದ್ರ ಸರಕಾರದ ಯೋಜನೆಯಲ್ಲೂ ಲಕ್ಷಗಟ್ಟಲೆ ರೂಪಾಯಿಯ ಈ ಸಾಧನ ಬಡ ಮಕ್ಕಳಿಗೆ ಸಿಗುತ್ತಿದೆ. ಇದು ಮೆಚ್ಚತಕ್ಕ ಕೆಲಸ.

ಆದರೆ ಆಪರೇಶನ್ ಆದ ಮರುದಿನ ಮಗು ಮಾತಾಡುವುದಿಲ್ಲ. ಗಾಯ ಮಾಗಿ ಕೆಲವು ವಾರ ಕಳೆದ ಮೇಲೆ ಯಂತ್ರ ಚಾಲೂ ಮಾಡುತ್ತಾರೆ. ಆಗ ಮಗುವಿಗೆ ಕೇಳುವುದು ಅರ್ಥವಿಲ್ಲದ ಗಲಾಟೆ. ಅದು ಅಮ್ಮನ ಸ್ವರ, ಇದು ಕಾಗೆಯ ಸ್ವರ ಎಂದು ಬೇರೆ ಬೇರೆ ಮಾಡಲು ವರ್ಷಗಟ್ಟಲೆ ತರಬೇತಿ ಬೇಕು. ಯಂತ್ರದ ತಂತಿ ಕಡಿಯುತ್ತದೆ, ಬ್ಯಾಟರಿ ಮುಗಿಯುತ್ತದೆ, ನಮ್ಮ ಆಟಿ ತಿಂಗಳ ತೇವಕ್ಕೆ ದಿನವೂ ಒಣಗಿಸುವ ಪೆಟ್ಟಿಗೆಯಲ್ಲಿ ಇಡಬೇಕು. ಆಪರೇಶನಿಗೆ ಹಣ ಕೊಟ್ಟ ಸರಕಾರ ದುರಸ್ತಿಗೆ ಕೊಡಲು ತಡ ಮಾಡಿದರೆ ಕೇಳತೊಡಗಿದ ಮಗು ಪುನಃ ಮೌನಕ್ಕೆ ಬೀಳುತ್ತದೆ. ಕೇರಳದಲ್ಲಿ ಈ ದೂರು ಬೇಕಾದಷ್ಟು ಕೇಳಿ ಬಂದಿದೆ.

ಅಂದರೆ, ನಿಜವಾಗಿ ನರಕ್ಕೇ ಜೋಡಿಸುವ ಸಾಧನ ಇರುವಲ್ಲಿ ಕೂಡ ಆಪರೇಶನ್ ಕೆಲವು ಗಂಟೆಯ ಕೆಲಸ, ತರಬೇತಿ ಕೆಲವು ವರ್ಷದ ಕೆಲಸ. ಸಸಿ ನೆಟ್ಟು ಬಂದವನು ನೀರು ಹೊಯ್ಯದಿದ್ದರೆ ತೋಟ ಆಗುತ್ತದೆಯೇ? ಸಾಧನವೇ ಇಲ್ಲದ ಉಗ್ಗಿನಲ್ಲಂತೂ ತರಬೇತಿಯೇ ಎಲ್ಲ.

ಅಭ್ಯಾಸದಿಂದ ಏನಾಗುತ್ತದೆ?

ಎಳೆ ಮಕ್ಕಳಿಗೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಬೆಳೆದ ಲಿಡ್ಕೋಂಬ್ ಎಂಬ ಕ್ರಮ ಉಂಟು. ಅದರಲ್ಲಿ ತರಬೇತಿ ಕೊಡುವುದು ತಾಯಿ ತಂದೆಯೇ. ತಜ್ಞರು ಅವರಿಗೆ ಕಲಿಸಿ ಕೊಡುತ್ತಾರೆ. ದಿನಕ್ಕೆ ಹತ್ತು ಹದಿನೈದು ಮಿನಿಟು ಮಗುವಿನೊಟ್ಟಿಗೆ ಆಟವಾಡುತ್ತಾ ಕುಳಿತು, ಅದು ತಡೆಯಿಲ್ಲದೆ ಮಾತಾಡಿದಾಗೆಲ್ಲ ಮೆಚ್ಚಿ ಹೇಳಬೇಕು. 2005ರಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಪರೀಕ್ಷೆಯೊಂದರಲ್ಲಿ ಮೂರರಿಂದ ಆರು ವರ್ಷದ 54 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದರು. ಒಂಬತ್ತು ತಿಂಗಳ ಮೇಲೆ, ಈ ಕ್ರಮ ಅನುಸರಿಸಿದ ಗುಂಪಿನಲ್ಲಿ ನೂರಕ್ಕೆ 52ರಷ್ಟು ಮಕ್ಕಳ ಉಗ್ಗು ಇಲ್ಲವೆನ್ನುವಷ್ಟು ಕಡಿಮೆಯಾಗಿತ್ತು. ಇನ್ನೊಂದು ಗುಂಪಿನಲ್ಲಿ ಹಾಗಾದದ್ದು ನೂರಕ್ಕೆ 15 ಮಾತ್ರ. ‘ತನ್ನಿಂದ ತಾನೇ ಹೋಗ್ತದೆ’ ಎಂದು ಸುಮ್ಮನೆ ಕೂರುವವರು ಈ ಲೆಕ್ಕವನ್ನು ಅಡಿಕೆ ಧಾರಣೆ ನೋಡಿದಷ್ಟೇ ಗಮನವಿಟ್ಟು ನೋಡಬೇಕು.

ದೊಡ್ಡ ಮಕ್ಕಳಿಗೆ, ಪ್ರಾಯದವರಿಗೆ ಪೂರ್ತಿ ಗುಣ ಎಂದು ಯಾರೂ ಮಾತು ಕೊಡಲಾರರು. ಸ್ವರವನ್ನು ಎಳೆದು, ಮೆಲ್ಲಗೆ ಶುರು ಮಾಡಿ, ಉಸಿರಿನ ಒಟ್ಟಿಗೆ ಮಾತು ಹೊರಡಿಸುವ ಕ್ರಮ ಕಲಿಸುತ್ತಾರೆ. ತಡೆ ಬಂದಾಗ ಜಗಳವಾಡದೆ ಬಿಡಿಸಿಕೊಳ್ಳುವುದನ್ನು ಕಲಿಸುತ್ತಾರೆ. ಕಲಿತದ್ದು ಅಭ್ಯಾಸ ಬಿಟ್ಟರೆ ಪುನಃ ತಪ್ಪುತ್ತದೆ. ಇಂಗ್ಲೆಂಡಿನ ದೊರೆ ಆರನೇ ಜಾರ್ಜ್ ಲಯೊನೆಲ್ ಲೋಗ್ ಎಂಬವರ ಹತ್ತಿರ 1926ರಲ್ಲಿ ಅಭ್ಯಾಸ ಶುರು ಮಾಡಿ, 1939ರಲ್ಲಿ ಯುದ್ಧ ಘೋಷಣೆಯ ರೇಡಿಯೋ ಭಾಷಣ ಮಾಡುವಾಗಲೂ ಅವರ ಸಹಾಯ ಪಡೆಯುತ್ತಿದ್ದರು. ದೊರೆಗೇ ಹದಿಮೂರು ವರ್ಷವಾದರೂ ಗುರು ಬೇಕಾಗಿತ್ತು! ‘ಹತ್ತು ದಿನದಲ್ಲಿ ಗ್ಯಾರಂಟಿ’ ಎಂದು ಹಣ ಕೀಳುವವರನ್ನು ಈ ಒಂದು ವಿಷಯದಿಂದಲೇ ಅಳೆದು ನೋಡಬಹುದು. ಚಿಕಿತ್ಸೆ ಕೊಡುವವರಿಗೆ ಭಾರತ ಪುನರ್ವಸತಿ ಪರಿಷತ್ತಿನ ನೋಂದಣಿ ಉಂಟೋ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. 1992ರ ಕಾನೂನಿನ ಪ್ರಕಾರ ಅದು ಇರಲೇಬೇಕು.

ದೂರದ ದೊರೆ ಯಾಕೆ, ನಮ್ಮ ಕೇರಳದ ಮೊದಲ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡರೇ ಉಗ್ಗುತ್ತಿದ್ದವರು. ‘ನೀವು ಯಾವಾಗಲೂ ಉಗ್ಗುತ್ತೀರೋ?’ ಎಂದು ಕೇಳಿದವರಿಗೆ ‘ಇಲ್ಲ, ಮಾತಾಡುವಾಗ ಮಾತ್ರ’ ಎಂದರಂತೆ. ಅವರ ರಾಜಕೀಯ ಒಪ್ಪಲಿ ಬಿಡಲಿ, ಉಗ್ಗಿಗೆ ಬಾಯಿ ಮುಚ್ಚಿ ಕೂರದ ಆ ಧೈರ್ಯವನ್ನು ಒಪ್ಪಲೇಬೇಕು. ಎಲ್ಲರಿಗೂ ಆ ಧೈರ್ಯ ಹುಟ್ಟಿನಿಂದ ಬರುವುದಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಕ್ರಯ ಹೇಳಲಾಗದೆ ಹಿಂದಿನ ಕೋಣೆಯಲ್ಲಿ ಚೀಲ ಹೊಲಿಯುವ ಹುಡುಗರಿದ್ದಾರೆ. ಉತ್ತರ ಗೊತ್ತಿದ್ದರೂ ಕೈ ಎತ್ತದ ಹುಡುಗಿಯರಿದ್ದಾರೆ. ಮದುವೆಯ ಮಾತುಕತೆಗೆ ಬಂದವರ ಮುಂದೆ ಮಗನನ್ನೋ ಮಗಳನ್ನೋ ಕೂರಿಸಲು ಹಿಂಜರಿಯುವ ತಾಯಿ ತಂದೆ ಇದ್ದಾರೆ. ಇದೆಲ್ಲ ಯಾವ ಸರ್ವೆಯಲ್ಲೂ ಬಾರದ ನಷ್ಟ.

ಶಾಲೆಯ ಅಧ್ಯಾಪಕರಲ್ಲಿ ಒಂದು ವಿನಂತಿ. ಉಗ್ಗುವ ಮಗುವನ್ನು ಅಣಕಿಸುವುದಿರಲಿ, ‘ನಿಧಾನ ಹೇಳು, ಸರಿಯಾಗಿ ಹೇಳು’ ಎಂದು ಪದೇ ಪದೇ ತಿದ್ದುವುದೂ ಬೇಡ. ವಾಕ್ಯವನ್ನು ನೀವೇ ಪೂರ್ತಿ ಮಾಡುವುದೂ ಬೇಡ. 1939ರಲ್ಲಿ ಅಮೆರಿಕದ ಅಯೋವಾದಲ್ಲಿ 22 ಅನಾಥ ಮಕ್ಕಳ ಮೇಲೆ ಒಂದು ಕ್ರೂರ ಪ್ರಯೋಗ ನಡೆಯಿತು. ಚೆನ್ನಾಗಿ ಮಾತಾಡುವ ಕೆಲವು ಮಕ್ಕಳಿಗೂ ‘ನಿನ್ನ ಮಾತು ಸರಿಯಿಲ್ಲ’ ಎಂದು ಹೇಳುತ್ತಾ ಬಂದರು. ಆ ಮಕ್ಕಳು ಉಗ್ಗತೊಡಗಲಿಲ್ಲ, ಮಾತಾಡುವುದನ್ನೇ ಕಡಿಮೆ ಮಾಡಿದರು. ಉಗ್ಗಿಗಿಂತ ದೊಡ್ಡ ಕೇಡು ಈ ಮೌನ.

ಯಾವ ಭಾಷೆಯಲ್ಲಿ?

ಈಗ ಗಡಿನಾಡಿನ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ನೆಕ್ರಾಜೆಯ ಮಗು ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮಾತಾಡುತ್ತದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳ. ಶಾಲೆಯಲ್ಲಿ ಪುಸ್ತಕದ ಕನ್ನಡ ಅಥವಾ ಇಂಗ್ಲಿಷ್. ಮಗು ಉಗ್ಗತೊಡಗಿದ ಕೂಡಲೇ ‘ಇಷ್ಟು ಭಾಷೆ ತಲೆಗೆ ತುಂಬಿದ್ದೇ ತಪ್ಪು, ಮನೆಯಲ್ಲಿ ತುಳು ಕನ್ನಡ ಬಿಡಿ, ಒಂದೇ ಭಾಷೆ ಮಾತಾಡಿ’ ಎಂಬ ಸಲಹೆ ಬರುತ್ತದೆ. ಓದಿದವರೇ ಹೀಗೆ ಹೇಳುವುದುಂಟು. ಆದರೆ ಹಲವು ಭಾಷೆ ಕಲಿತದ್ದರಿಂದ ಉಗ್ಗು ಹುಟ್ಟುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಒಂದೇ ಭಾಷೆಯ ಊರುಗಳಲ್ಲೂ ಉಗ್ಗುವವರಿದ್ದಾರೆ. ಎರಡು ಭಾಷೆ ಬಲ್ಲವನು ಸಾಮಾನ್ಯವಾಗಿ ಎರಡರಲ್ಲೂ ಉಗ್ಗುತ್ತಾನೆ, ಸಲೀಸಾಗಿ ಬಾರದ ಭಾಷೆಯಲ್ಲಿ ಹೆಚ್ಚಾಗಿ ಸ್ವಲ್ಪ ಜಾಸ್ತಿ. ಮನೆಮಾತು ಬಿಡಿಸಿದರೆ ಉಗ್ಗು ಹೋಗುವುದಿಲ್ಲ. ಅಜ್ಜಿಯೊಟ್ಟಿಗೆ ಮಾತಾಡುವ ಮಗುವಿನ ದಾರಿ ಮಾತ್ರ ಹೋಗುತ್ತದೆ.

ಹಾಗಾದರೆ ತರಬೇತಿ ಯಾವ ಭಾಷೆಯಲ್ಲಿ ಆಗಬೇಕು? ತಾಯಿಯೇ ಮನೆಯಲ್ಲಿ ಕಲಿಸಬೇಕಾದ ಕ್ರಮ ತಾಯಿಯ ಭಾಷೆಯಲ್ಲೇ ಆಗಬೇಕೆಂದು ಹೇಳಲು ತಜ್ಞರು ಬೇಕೇ? ಕಾಕ್ಲಿಯರ್ ಇಂಪ್ಲಾಂಟ್ ಆದ ಮಗು ಮೊದಲು ಕಲಿಯಬೇಕಾದ್ದು ಮನೆಯಲ್ಲಿ ದಿನವಿಡೀ ಕಿವಿಗೆ ಬೀಳುವ ಮಾತನ್ನು. ಕೇಂದ್ರದಲ್ಲಿ ‘ವೆಳ್ಳಂ’ ಎಂದು ಕಲಿಸಿ, ಮನೆಯಲ್ಲಿ ‘ನೀರು’ ಎಂದರೆ ಆ ಮಗುವಿನ ಶ್ರಮ ಇಮ್ಮಡಿಯಾಗುವುದಿಲ್ಲವೇ? ನಮ್ಮಲ್ಲಿ ಹೆಚ್ಚಿನವರಿಗೆ ಮಲಯಾಳ ಬರುತ್ತದೆ, ವ್ಯಾಪಾರಕ್ಕೆ ಅದೇ ಬೇಕು, ಆ ಭಾಷೆಯ ಮೇಲೆ ಯಾರಿಗೂ ಮುನಿಸಿಲ್ಲ. ಆದರೆ ಕ್ರಯ ಮಾತಾಡುವ ಭಾಷೆ ಬೇರೆ, ಮಗುವಿನ ನಾಲಗೆ ತಿದ್ದುವ ಭಾಷೆ ಬೇರೆ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗುವಂತೆ ಮಾಡಬೇಕೆಂದು 1956ರಿಂದಲೇ ಹೇಳುತ್ತಿದೆ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕಿದಾಗ ನಾವು ಬೀದಿಗಿಳಿಯುತ್ತೇವೆ, ಅದು ಸರಿಯೇ. ಓದುವ ಬರೆಯುವ ವಿಷಯದಲ್ಲೇ ಮಾತೃಭಾಷೆ ಹಕ್ಕಾದರೆ, ಮಾತನ್ನೇ ಕಲಿಸುವ ಚಿಕಿತ್ಸೆಯಲ್ಲಿ ಅದು ಹಕ್ಕಾಗಬಾರದೇ? ಇದರ ಬಗ್ಗೆ ನಮ್ಮ ಭಾಷಾ ಹೋರಾಟಗಾರರೂ ಈ ತನಕ ಗಟ್ಟಿಯಾಗಿ ಕೇಳಿದ್ದು ಕಾಣೆ.

ಏನಾಗಬೇಕು?

ದಾರಿಗಳು ಇಲ್ಲದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ನಡೆಯುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಹೆಸರಾದದ್ದು. ಕನ್ನಡದಲ್ಲಿ ಉಗ್ಗಿನ ಚಿಕಿತ್ಸೆ ಕೊಡುವ ಅನುಭವ ಅಲ್ಲಿದ್ದಷ್ಟು ಬೇರೆಲ್ಲಿ ಉಂಟು? ಅದು ಕರ್ನಾಟಕ ಸರಕಾರದ್ದಲ್ಲ, ಕೇಂದ್ರ ಆರೋಗ್ಯ ಇಲಾಖೆಯದ್ದು. ಹಾಗಾಗಿ ‘ನೀವು ಕೇರಳದವರು’ ಎಂಬ ಮಾತು ಅಲ್ಲಿ ಬರುವಂತಿಲ್ಲ. ಹುಲ್ಲಹಳ್ಳಿ, ಅಕ್ಕಿಹೆಬ್ಬಾಳಿನಂಥ ಊರುಗಳಲ್ಲೂ ಹೊರಕೇಂದ್ರ ತೆರೆದ ಆ ಸಂಸ್ಥೆಗೆ ಗಡಿನಾಡಿನಲ್ಲೊಂದು ಕೇಂದ್ರ ಕೊಡಿ ಎಂದು ನಮ್ಮ ಜನಪ್ರತಿನಿಧಿಗಳು ಕೇಳಬೇಡವೇ? ಮಂಗಳೂರಿನಲ್ಲೂ ವಾಕ್ ಶ್ರವಣದ ಕಾಲೇಜುಗಳಿವೆ. ಆದರೆ ಉಗ್ಗಿನ ತರಬೇತಿ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ವಾರ ವಾರ ಮಗುವನ್ನು ಕಟ್ಟಿಕೊಂಡು ಬಸ್ಸು ಬದಲಿಸುತ್ತಾ ಹೋಗಬೇಕಾದರೆ ಒಂದು ದಿನದ ಸಂಬಳವೂ ಹೋಯಿತು, ಶಾಲೆಯೂ ತಪ್ಪಿತು. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ತಲಪಾಡಿಯಲ್ಲಿ ಆಂಬುಲೆನ್ಸನ್ನೂ ತಡೆದ ದಿನಗಳನ್ನು ನಾವು ಮರೆತಿಲ್ಲ. ಮಂಗಳೂರನ್ನೇ ನಂಬಿ ಕೂರುವುದು ಎಷ್ಟು ಅಪಾಯ ಎಂದು ಅಂದು ಗೊತ್ತಾಯಿತು.

ಆದ್ದರಿಂದ ಜಿಲ್ಲೆಯೊಳಗೇ ವ್ಯವಸ್ಥೆ ಆಗಬೇಕು. ಒಂದನೆಯದಾಗಿ, 2013ರಲ್ಲಿ ಉಕ್ಕಿನಡ್ಕದಲ್ಲಿ ಶಂಕುಸ್ಥಾಪನೆಯಾದ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ ವಾಕ್ ಚಿಕಿತ್ಸೆಗೆ ಕನ್ನಡ, ತುಳು ಬಲ್ಲ ತಜ್ಞರ ಹುದ್ದೆ ಬೇಕು. ಭಾಷೆ ಬಲ್ಲವರೇ ಆಗಬೇಕೆಂದು ನೇಮಕದ ಆದೇಶದಲ್ಲೇ ಬರೆದಿರಬೇಕು. ಎರಡನೆಯದಾಗಿ, 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುವವರು ಉಗ್ಗನ್ನೂ ಬರೆದುಕೊಳ್ಳಬೇಕು. ಆರು ತಿಂಗಳು ಕಳೆದೂ ಉಗ್ಗು ಬಿಡದ ಮಗುವನ್ನು ತಜ್ಞರಲ್ಲಿಗೆ ಕಳಿಸಬೇಕು. ಮೂರನೆಯದಾಗಿ, ಫೋನಿನ ವಿಡಿಯೋ ಮೂಲಕ ಕೊಡುವ ತರಬೇತಿ ಎದುರು ಕೂತು ಕೊಟ್ಟದ್ದಕ್ಕೆ ಕಡಿಮೆಯಿಲ್ಲವೆಂದು ಆಸ್ಟ್ರೇಲಿಯಾದ ಪರೀಕ್ಷೆಗಳು ತೋರಿಸಿವೆ. ಪಂಚಾಯತಿನ ವಾಚನಾಲಯದಲ್ಲಿ ಒಂದು ಕೋಣೆ, ಒಂದು ಒಳ್ಳೆಯ ನೆಟ್ ಸಂಪರ್ಕ ಕೊಟ್ಟರೆ ಮೈಸೂರಿನ ತಜ್ಞರು ನೆಕ್ರಾಜೆಯ ತಾಯಿಯೊಟ್ಟಿಗೆ ಕನ್ನಡದಲ್ಲೇ ಮಾತಾಡಬಹುದು. ಇದಕ್ಕೆ ಕೋಟಿ ರೂಪಾಯಿ ಬೇಡ.

‘ಎಂಡೋಸಲ್ಫಾನಿನಿಂದ ನರಳುವ ಮಕ್ಕಳೇ ಹಾಸಿಗೆಯಲ್ಲಿರುವ ಜಿಲ್ಲೆಯಲ್ಲಿ ಉಗ್ಗು ಒಂದು ದೊಡ್ಡ ವಿಷಯವೋ?’ ಎಂದು ಕೆಲವರು ಕೇಳಿಯಾರು. ಗೇರುತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ವಿಷ ಸುರಿದ ಊರುಗಳಲ್ಲಿ ಮಾತೇ ಬಾರದ ಮಕ್ಕಳಿದ್ದಾರೆ, ನಿಜ. ಆದರೆ ಅವರಿಗೆ ಬೇಕಾದ್ದೂ ಇದೇ ವಾಕ್ ತಜ್ಞರು, ಇದೇ ಭಾಷೆ ಬಲ್ಲವರು. ಚೆರ್ಕಳದ ಕಿವುಡರ ಶಾಲೆಯ ಮಕ್ಕಳಿಗೂ, ಪಕ್ಷವಾತ ಬಡಿದು ಮಾತು ತಪ್ಪಿದ ಮುದುಕರಿಗೂ ಅವರೇ ಬೇಕು. ಒಂದು ಬಾವಿ ತೋಡಿದರೆ ನಾಲ್ಕು ಮನೆಗೆ ನೀರು.

ಇನ್ನೊಂದು ಕೊರತೆ ಕಾನೂನಿನದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ವಾಕ್ ನ್ಯೂನತೆಯೆಂದು ಅದು ಉದಾಹರಿಸುವುದು ಗಂಟಲಿನ ಧ್ವನಿಪೆಟ್ಟಿಗೆ ತೆಗೆದವರನ್ನು, ಪಕ್ಷವಾತದಂಥ ಕಾರಣಗಳಿಂದ ಮಾತು ಕೆಟ್ಟವರನ್ನು. ಉಗ್ಗಿನ ಹೆಸರೇ ಅದರಲ್ಲಿಲ್ಲ. ಸರ್ಟಿಫಿಕೇಟು ಬೇಡ, ಮೌಖಿಕ ಪರೀಕ್ಷೆಯಲ್ಲಿ, ಕೆಲಸದ ಸಂದರ್ಶನದಲ್ಲಿ ಹತ್ತು ಮಿನಿಟು ಹೆಚ್ಚು ಸಮಯ ಸಿಗಲಿ ಎಂದು ಕೇಳುವುದಾದರೂ ಬೇಡವೇ?

ಪ್ರತಿ ವರ್ಷ ಅಕ್ಟೋಬರ್ 22ನ್ನು ಉಗ್ಗಿನ ಬಗ್ಗೆ ತಿಳುವಳಿಕೆಯ ದಿನವೆಂದು 1998ರಿಂದ ಜಗತ್ತು ಆಚರಿಸುತ್ತಿದೆ. ಆ ದಿನಕ್ಕೆ ಕಾಯಬೇಕೆಂದೇನಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರು, ಬೀದಿದೀಪದ ಪಟ್ಟಿಯ ಕೆಳಗೆ ಇದನ್ನೂ ಒಂದು ಸಾಲು ಬರೆಸಿ. ಬರೆಸುವಾಗ ಭಾಷೆಯ ಹೆಸರನ್ನೂ ಬರೆಸಿ. ಮನೆಯಲ್ಲಿ ಉಗ್ಗುವ ಮಗು ಇದ್ದರೆ ಅದು ಮಾತು ಮುಗಿಸುವ ತನಕ ಕಾಯಿರಿ. ಪಂಚಾಯತು, ಆಸ್ಪತ್ರೆ, ಸರಕಾರ ಎಲ್ಲ ಆಮೇಲಿನ ಮಾತು. ಕಾಯುವುದಕ್ಕೆ ಯಾರ ಆದೇಶವೂ ಬೇಡ.